ಹಸ್ತದ ಮಳೆಯಿಂದ ಗೌರಿ ಹುಣ್ಣಿಮೆವರೆಗೆ: ವಾಡಿ ಸೀಮೆಯ ಶರತ್ಕಾಲ

ಪಂಚಾಂಗದ ಪ್ರಕಾರ ಆಶ್ವಯುಜ, ಕಾರ್ತೀಕ ಎರಡು ಮಾಸ ಸೇರಿದರೆ ಶರದೃತು. ವಾಡಿ, ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿ ಸೀಮೆಯ ರೈತರು ಮಾತ್ರ ಆ ಹೆಸರು ಹಿಡಿದು ಮಾತಾಡುವುದಿಲ್ಲ. ಅವರಲ್ಲಿ ಕಾಲ ನಡೆಯುವುದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ. ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ ನಡುವಿಗೆ ಚಿತ್ತಿ, ದೀಪಾವಳಿಯ ಆಸುಪಾಸಿಗೆ ಸ್ವಾತಿ. ಕಲಬುರಗಿ ಜಿಲ್ಲೆಯಲ್ಲಿ ಸೆಪ್ಟೆಂಬರೇ ಅತಿ ಹೆಚ್ಚು ಮಳೆಯ ತಿಂಗಳು. ಅಕ್ಟೋಬರ್ ನಡುವಿನ ಹೊತ್ತಿಗೆ ಮುಂಗಾರು ಮಾರುತ ಹಿಂದೆ ಸರಿಯುತ್ತದೆ, ಮೋಡ ಚದುರುತ್ತದೆ, ಮಳೆಗಾಲದಲ್ಲಿ ಮರೆತೇಹೋಗಿದ್ದ ಬಿಸಿಲು ಮತ್ತೆ ಬೀಳುತ್ತದೆ. ಹಗಲಿನ ಉಷ್ಣಾಂಶ ಸೆಪ್ಟೆಂಬರಿಗಿಂತ ಒಂದೆರಡು ಡಿಗ್ರಿ ಏರಿ 32ರ ಹತ್ತಿರ ನಿಲ್ಲುತ್ತದೆ. ರಾತ್ರಿ 20ರ ಆಸುಪಾಸಿಗೆ ಇಳಿಯುತ್ತದೆ. ಎಲೆ ಉದುರುವ ಕಾಲವಲ್ಲ ಇದು. ಇಲ್ಲಿ ಮರಗಳು ಬೋಳಾಗುವುದು ಮಾಘ, ಫಾಲ್ಗುಣದಲ್ಲಿ. ಶರತ್ಕಾಲದಲ್ಲಿ ನೆಲ ಒದ್ದೆ, ಆಕಾಶ ತಿಳಿ, ತೊಗರಿ ಹಳದಿ ಹೂ ಬಿಡುತ್ತಿರುತ್ತದೆ.

ಆದರೂ ಈ ದಿನಗಳನ್ನು ಬಿಡುವಿನ ಕಾಲ ಎಂದು ಕರೆಯುವಾಗ ಸ್ವಲ್ಪ ಎಚ್ಚರ ಬೇಕು. ಹೆಸರು, ಉದ್ದು ಆಗಲೇ ಕಣ ಸೇರಿರುತ್ತವೆ. ಜೂನ್‌ನಲ್ಲಿ ಬಿತ್ತಿದ ತೊಗರಿ ಇನ್ನೆರಡು ತಿಂಗಳು ಹೊಲದಲ್ಲೇ ನಿಲ್ಲಬೇಕು. ಎರಿ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿಯ ಬಿತ್ತನೆ ನಡೆದಿರುತ್ತದೆ. ಆಮೇಲೆ ಮಳೆ ಬಾರದಿದ್ದರೂ ಕಪ್ಪು ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಜೋಳ ಬೆಳೆಯಬೇಕು. ಆ ಹಸಿ ಬಿರುಕಿನ ಮೂಲಕ ಆರಿಹೋಗದಂತೆ ಸಾಲುಗಳ ನಡುವೆ ಎಡೆ ಹೊಡೆಯುತ್ತಾರೆ. ಬಿತ್ತನೆಗೂ ಎಡೆ ಹೊಡೆಯುವುದಕ್ಕೂ ನಡುವೆ ಸಿಗುವ ಸಂದಿಯಲ್ಲೇ ದಸರಾ, ಸೀಗಿ ಹುಣ್ಣಿಮೆ, ದೀಪಾವಳಿಗಳು ಬಂದು ಕೂತಿವೆ. ಈ ಸೀಮೆಯ ಶರತ್ಕಾಲದ ಸುಖ ಎಂದರೆ ಕೆಲಸದ ನಡುವೆ ಸಿಕ್ಕ ಸಂದಿಯ ಸುಖ. ಅದರ ಇತಿಹಾಸವೂ ಹಾಗೆಯೇ: ಭಿಕ್ಷುಗಳು, ಅರಸರು, ರೈಲಿನವರು, ಸಿಮೆಂಟ್ ಕಾರ್ಖಾನೆಯವರು ಒಬ್ಬರ ಹಿಂದೊಬ್ಬರು ಅದೇ ಸಂದಿಗೆ ತಮ್ಮ ಬಿಡುವನ್ನು ತಂದು ಸೇರಿಸಿದ್ದಾರೆ.

ಈ ಕಥೆಯ ತೀರ ಹಳೆಯ ಎಳೆ ಸಿಗುವುದು ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ. ಭೀಮಾ ನದಿಯ ದಂಡೆಯ ಈ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನ ದೊಡ್ಡ ಸ್ತೂಪವೊಂದನ್ನೂ ‘ರಾಯೋ ಅಸೋಕೋ’ ಎಂಬ ಬರಹವಿರುವ ಶಿಲ್ಪವನ್ನೂ ಬೆಳಕಿಗೆ ತಂದಿತು. ಬೌದ್ಧ ಸಂಘದ ನಿಯಮದಂತೆ ಭಿಕ್ಷುಗಳು ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು ಒಂದೇ ಕಡೆ ವಸ್ಸಾವಾಸ ಮಾಡಬೇಕು. ಅದು ಮುಗಿಯುವುದು ಆಶ್ವಯುಜ ಹುಣ್ಣಿಮೆಯ ಪವಾರಣೆಯಲ್ಲಿ. ಅಲ್ಲಿಂದ ಕಾರ್ತೀಕ ಹುಣ್ಣಿಮೆಯವರೆಗಿನ ಒಂದು ತಿಂಗಳು ಗೃಹಸ್ಥರು ಭಿಕ್ಷುಗಳಿಗೆ ಬಟ್ಟೆ ಕೊಡುವ ಕಠಿನದ ಅವಧಿ. ಇಂದಿನ ಜನರ ಬಾಯಲ್ಲಿ ಆ ಎರಡು ಹುಣ್ಣಿಮೆಗಳ ಹೆಸರು ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ. ಒಂದು ಮತ್ತೊಂದರಿಂದ ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಮಳೆ ನಿಂತು ದಾರಿ ಒಣಗುವುದನ್ನು ಭಿಕ್ಷುಗಳೂ ರೈತರೂ ಒಂದೇ ಚಂದ್ರನನ್ನು ನೋಡಿ ಲೆಕ್ಕ ಹಾಕಿದರು, ಅಷ್ಟೆ. ಜೈನ ಮುನಿಗಳ ಚಾತುರ್ಮಾಸವೂ ಕಾರ್ತೀಕದಲ್ಲೇ ಮುಗಿಯುತ್ತದೆ.

ಜೈನರ ಮಾತು ಬಂದರೆ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಬೇಕು. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅರಬರ ಬರಹಗಳ ಮಾಂಕೀರ್. ನೃಪತುಂಗ ಅಮೋಘವರ್ಷ (814–878) ಆಳಿದ್ದು ಇಲ್ಲಿಂದ. ಮಳೆ ನಿಂತು ಹೊಳೆಗಳು ಇಳಿದ ಮೇಲೆ ದಂಡು ಹೊರಡುವುದು ಅಂದಿನ ಅರಸರೆಲ್ಲರ ಪದ್ಧತಿ. ಕಾಳಿದಾಸನ ರಘು ದಿಗ್ವಿಜಯಕ್ಕೆ ಹೊರಟದ್ದೂ ಶರತ್ಕಾಲದಲ್ಲೇ. ಆದರೆ ಅದೇ ಕಾಲದ ಮನೆಯೊಳಗಿನ ಸಂಭ್ರಮದ ಚಿತ್ರವೂ ಉಳಿದಿದೆ. ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಅವನ ಸಾಮಂತರ ನಾಡಿನಲ್ಲಿ ಕೂತು ಸೋಮದೇವಸೂರಿ 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪೂ ಕಾವ್ಯದಲ್ಲಿ ದೀಪೋತ್ಸವದ ವರ್ಣನೆ ಇದೆ. ಮನೆಗಳಿಗೆ ಸುಣ್ಣ ಬಳಿದು, ಮಾಳಿಗೆಗಳ ಮೇಲೆ ದೀಪದ ಸಾಲು ಹಚ್ಚುವ ಆ ಹಬ್ಬವನ್ನು ಗುರುತಿಸಲು ಇಂದಿನ ಓದುಗನಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ವಿರಾಮವನ್ನು ಶಾಸ್ತ್ರವಾಗಿಯೇ ಬರೆದಿಟ್ಟವನು ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ. ಅವನ ರಾಜಧಾನಿ, ಇಂದಿನ ಬಸವಕಲ್ಯಾಣ, ಚಿಂಚೋಳಿಯಿಂದ ವಾಯವ್ಯಕ್ಕೆ ಹೆಚ್ಚು ದೂರವಿಲ್ಲ. 1130ರ ಸುಮಾರಿಗೆ ಅವನು ರಚಿಸಿದ ಮಾನಸೋಲ್ಲಾಸ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳ ಗ್ರಂಥ. ಕೊನೆಯ ವಿಂಶತಿ ಪೂರ್ತಿ ಕ್ರೀಡೆಗಳಿಗೆ ಮೀಸಲು. ವನಕ್ರೀಡೆ ಎಂದರೆ ತೋಟದ ವಿಹಾರ, ಆಂದೋಲನ ಎಂದರೆ ಉಯ್ಯಾಲೆ, ಶಾದ್ವಲಕ್ರೀಡೆ ಎಂದರೆ ಎಳೆ ಹುಲ್ಲಿನ ಮೇಲಿನ ಆಟ, ಜ್ಯೋತ್ಸ್ನಾಕ್ರೀಡೆ ಎಂದರೆ ಬೆಳದಿಂಗಳ ಆಟ. ಇವುಗಳ ಜತೆಗೇ ಸಸ್ಯಕ್ರೀಡೆ ಎಂಬುದೊಂದಿದೆ: ಪೈರು ನಿಂತ ಹೊಲಕ್ಕೆ ಹೋಗಿ ಕಾಲ ಕಳೆಯುವುದು. ಅರಮನೆಯಲ್ಲಿ ಹೂದೋಟ, ಕೊಳ ಎಲ್ಲ ಇದ್ದ ಅರಸನೂ ಹೊಲಕ್ಕೆ ಹೋಗುವುದನ್ನು ಒಂದು ಬೇರೆಯೇ ಸುಖವೆಂದು ಲೆಕ್ಕಕ್ಕೆ ಹಿಡಿದ ಎಂಬುದು ಗಮನಿಸಬೇಕಾದ ಸಂಗತಿ. ಅರಸನಿಗೆ ಕ್ರೀಡೆಯಾದದ್ದು ಒಕ್ಕಲಿಗನಿಗೆ ಪೂಜೆ. ಎರಡೂ ನಡೆಯುವುದು ಅದೇ ಬದುವಿನ ಮೇಲೆ.

ಆ ಪೂಜೆಯ ಮೊದಲ ಹೆಜ್ಜೆ ಮನೆಯೊಳಗೆ. ಮಹಾಲಯ ಅಮಾವಾಸ್ಯೆಯ ಮರುದಿನ ದೇವರ ಜಗಲಿಯ ಮುಂದೆ ಘಟ ಹಾಕುತ್ತಾರೆ. ಸ್ವಂತ ಹೊಲದಿಂದ ತಂದ ಮಣ್ಣನ್ನು ಬುಟ್ಟಿಯಲ್ಲೋ ಎಲೆಯ ಮೇಲೋ ಹರಡಿ, ಅದರಲ್ಲಿ ಜೋಳ, ಗೋಧಿ, ಕಡಲೆ ಮುಂತಾದ ಕಾಳು ಬಿತ್ತಿ, ನಡುವೆ ಮಣ್ಣಿನ ಗಡಿಗೆಯಲ್ಲಿ ನೀರು ತುಂಬಿಡುತ್ತಾರೆ. ಸುಟ್ಟ ಮಣ್ಣಿನ ಗಡಿಗೆ ಸಣ್ಣಗೆ ಒಸರುತ್ತದೆ. ಬುಡದ ಮಣ್ಣು ಸದಾ ಹಸಿಯಾಗಿರಲು ಅಷ್ಟು ಸಾಕು. ಮೂರನೆಯ ದಿನಕ್ಕೆ ಮೊಳಕೆ ಒಡೆಯುತ್ತದೆ. ಒಳಮನೆಯ ಕತ್ತಲಲ್ಲಿ, ನಂದಾದೀಪವೊಂದರ ಬೆಳಕಿನಲ್ಲಿ ಬೆಳೆದದ್ದರಿಂದ ಸಸಿ ಹಸಿರಾಗದೆ ತಿಳಿ ಹಳದಿಯಾಗಿ, ಗೇಣುದ್ದ ಸಣಕಲಾಗಿ ಏಳುತ್ತದೆ. ಯಾವ ಕಾಳಿನ ಸಸಿ ಹುಲುಸಾಗಿ ಬಂದಿದೆ ಎಂದು ನೋಡಿ ಹಿರಿಯರು ಹಿಂಗಾರಿಯ ಫಲ ಹೇಳುತ್ತಾರೆ. ವಿಜಯದಶಮಿಯ ದಿನ ಆ ಸಸಿಗಳನ್ನು ಕಿತ್ತು ಗಂಡಸರು ಟೋಪಿ, ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ, ಹೆಂಗಸರು ಮುಡಿಯುತ್ತಾರೆ. ಬೀಜ ಹುಟ್ಟುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಕೆಲಸವನ್ನು ಇಷ್ಟು ಚಂದದ ಹಬ್ಬವಾಗಿ ಮಾಡಿದ ರೈತರ ಜಾಣತನಕ್ಕೆ ತಲೆದೂಗಬೇಕು.

ವಿಜಯದಶಮಿಯ ಸಂಜೆ ಊರ ಹೊರಗಿನ ಬನ್ನಿ ಮರಕ್ಕೆ ಹೋಗುವುದು ಸೀಮೋಲ್ಲಂಘನ, ಅಂದರೆ ಗಡಿ ದಾಟುವುದು. ದಂಡು ಹೊರಡುವ ಕಾಲದ ಹೆಸರು ಅದು. ದಂಡು ಹೋಗಿ ಹೆಸರು ಉಳಿಯಿತು. ತಂದ ಎಲೆಯನ್ನು ಕೈಯಲ್ಲಿಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎನ್ನುತ್ತಾ ಚಿಕ್ಕವರು ಹಿರಿಯರ ಕಾಲು ಮುಟ್ಟುತ್ತಾರೆ. ವರ್ಷಪೂರ್ತಿ ಮುಖ ತಿರುಗಿಸಿಕೊಂಡು ಓಡಾಡಿದ ಅಣ್ಣತಮ್ಮಂದಿರೂ ಆ ಸಂಜೆ ಎಲೆ ಕೊಡದೆ ಇರುವಂತಿಲ್ಲ. ಮನೆಯ ಹಿಂದಿನ ಹಿತ್ತಲಿಗೂ ಇದು ಒಳ್ಳೆಯ ಕಾಲ. ಹೀರೆ, ಅವರೆ ಬಳ್ಳಿಗಳು ಬೇಲಿಗೆ ಹಬ್ಬಿರುತ್ತವೆ, ಪುಂಡಿ ಪಲ್ಯ ಮೊಣಕಾಲೆತ್ತರ ನಿಂತಿರುತ್ತದೆ, ಚೆಂಡು ಹೂವಿಗೆ ಮಾತ್ರ ಹಬ್ಬದ ಮುನ್ನಾದಿನ ಒಮ್ಮೆಲೇ ಬೆಲೆ ಬರುತ್ತದೆ.

ದೂರ ಪ್ರಯಾಣದ ರೂಢಿಯೂ ಈ ದಿನಗಳಲ್ಲೇ. ದಸರೆಯ ನಂತರ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಈ ಜಿಲ್ಲೆಯಿಂದ ಜನ ಬರಿಗಾಲಲ್ಲಿ ನಡೆದು ಹೋಗುತ್ತಾರೆ. ಅಲ್ಲಿ ದೇವಿ ವಿಜಯದಶಮಿಯಿಂದ ಹುಣ್ಣಿಮೆಯವರೆಗೆ ಮಂಚದ ಮೇಲೆ ಮಲಗಿರುತ್ತಾಳೆ, ಮಹಿಷನೊಡನೆ ಕಾದ ದಣಿವು ಕಳೆಯಲು. ಅದಕ್ಕೆ ಶ್ರಮನಿದ್ರೆ ಎಂದು ಹೆಸರು. ದೇವರೇ ರಜೆ ತೆಗೆದುಕೊಳ್ಳುವ ನಂಬಿಕೆ ಇರುವಲ್ಲಿ ಭಕ್ತರು ನಾಲ್ಕು ದಿನ ಊರು ಬಿಟ್ಟರೆ ಕೇಳುವವರಾರು? ಹುಣ್ಣಿಮೆಯಂದು ಆಕೆ ಏಳುವ ಹೊತ್ತಿಗೆ ನಡೆದವರೆಲ್ಲ ಅಲ್ಲಿ ಸೇರಿರುತ್ತಾರೆ. ಅಷ್ಟು ದೂರ ಹೋಗಲಾಗದವರಿಗೆ ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. 1058ರ ಶಾಸನ ಹೇಳುವಂತೆ ಇಲ್ಲಿನ ಘಟಿಕಾಸ್ಥಾನದಲ್ಲಿ ವೇದ ಕಲಿಯುವ 200 ವಿದ್ಯಾರ್ಥಿಗಳಿದ್ದರು, ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಈಗ ಆ ಕಲ್ಲಿನ ಕಂಬಗಳ ನಡುವೆ ಓದುವವರಿಲ್ಲ. ಸೀಗಿ ಹುಣ್ಣಿಮೆಗೆ ನಾಗಾವಿ ಯಲ್ಲಮ್ಮನ ಜಾತ್ರೆಗೆ ಬಂದವರು ಆ ಕಂಬಗಳಿಗೆ ಒರಗಿ ಬುತ್ತಿ ಬಿಚ್ಚುತ್ತಾರೆ.

ನಿಜಾಮರ ಕಾಲಕ್ಕೆ ಬಂದರೆ ಶರತ್ಕಾಲಕ್ಕೆ ಸರ್ಕಾರಿ ಮುದ್ರೆಯೂ ಬಿತ್ತು. ಹೈದರಾಬಾದ್ ಸಂಸ್ಥಾನದ ಲೆಕ್ಕಪತ್ರಗಳು ನಡೆಯುತ್ತಿದ್ದದ್ದು ಫಸಲಿ ವರ್ಷದಲ್ಲಿ. ಅದರ ಮೊದಲ ತಿಂಗಳು ಅಜೂರ್, ಮೊದಲ ದಿನ ಅಕ್ಟೋಬರ್ 6. ಹೀಗಾಗಿ ಇಲ್ಲಿನ ಕಚೇರಿಗಳಿಗೆ ಹೊಸ ವರ್ಷವೆಂದರೆ ಹಸ್ತದ ಮಳೆಯ ಕಾಲ. ಹಳೆಯ ಜಮೀನಿನ ಕಾಗದಗಳಲ್ಲಿ ಅಜೂರ್, ದೈ, ಬಹಮನ್ ಎಂಬ ತಿಂಗಳುಗಳನ್ನು ಇಂದಿಗೂ ಓದಬಹುದು.

ರೈಲು ಬಂದದ್ದೂ ಈ ಹೊತ್ತಿನಲ್ಲೇ. ಮುಂಬಯಿ ಕಡೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ಕಲಬುರಗಿ ದಾಟಿ ರಾಯಚೂರಿಗೆ ತಲುಪಿತು. ದಿವಾನ ಸಾಲಾರ್ ಜಂಗ್ ಕಾಲದಲ್ಲಿ ನಿಜಾಮರ ಹಣದಿಂದ ಕಟ್ಟಿದ ವಾಡಿ–ಸಿಕಂದರಾಬಾದ್ ಮಾರ್ಗ 1874ರ ಅಕ್ಟೋಬರಿನಲ್ಲಿ ತೆರೆಯಿತು. ಅದುವರೆಗೆ ಹೆಸರು ಹೇಳುವಂಥ ಊರಲ್ಲದ ವಾಡಿ ಜಂಕ್ಷನ್ ಆಯಿತು. ಚಿತ್ತಾಪುರ, ಸೇಡಂಗಳಿಂದ ಹೈದರಾಬಾದಿಗೆ ಹೋಗುವವರಿಗೆ ಬಂಡಿ ದಾರಿಯ ದಿನಗಟ್ಟಲೆ ಪ್ರಯಾಣ ತಪ್ಪಿತು. ದಸರೆಗೆ ಊರಿಗೆ ಬರುವುದು ಎಂಬ ಮಾತು ಅರ್ಥ ಪಡೆದದ್ದು ಆಮೇಲೆ. ಮೊದಲು ಊರು ಬಿಟ್ಟು ದೂರ ದುಡಿಯುವವರೇ ಕಡಿಮೆ. ರೈಲು ಅವರನ್ನು ಒಯ್ದಿತು, ಹಬ್ಬಕ್ಕೆ ಹಿಂದಕ್ಕೂ ತಂದಿತು.

ಅದೇ ರೈಲು ಶಹಾಬಾದಿನ ಕಲ್ಲನ್ನೂ ದೂರದ ಊರುಗಳಿಗೆ ಮುಟ್ಟಿಸಿತು. ಭೀಮಾ ಕೊಳ್ಳದ ಈ ಸುಣ್ಣಕಲ್ಲು ಪದರು ಪದರಾಗಿ ಕೂತಿದೆ. ಉಳಿ ಇಟ್ಟು ಅಂಚಿನಲ್ಲಿ ಸಣ್ಣಗೆ ಬಡಿಯುತ್ತಾ ಹೋದರೆ ಒಂದು ಹಂತದಲ್ಲಿ ಕಲ್ಲಿನ ದನಿ ಬದಲಾಗಿ, ಚಪ್ಪಡಿ ತಾನೇ ಎದ್ದು ಬರುತ್ತದೆ. ಮೇಲ್ಮೈ ನಯವಾಗಿರುವುದರಿಂದ ಹೊಳಪು ಕೊಡದೆಯೂ ನೆಲಕ್ಕೆ ಹಾಸಬಹುದು. ಸುತ್ತಲಿನ ಹಳ್ಳಿಗಳಲ್ಲಿ ಗೋಡೆಗೆ ಕಲ್ಲು, ನೆಲಕ್ಕೆ ಫರಸಿ, ಮಾಳಿಗೆಯ ಮಣ್ಣಿನ ಕೆಳಗೂ ಫರಸಿ, ಮನೆ ಮುಂದಿನ ಕಟ್ಟೆಗೂ ಅದೇ. ಬೇಸಿಗೆಯಲ್ಲಿ ಈ ಮನೆ ಸಂಜೆ ಹೊತ್ತಿಗೆ ಕಾದ ಹಂಚಾಗುತ್ತದೆಂಬುದು ನಿಜ. ಚಿತ್ತಿ ಬಿಸಿಲಿನಲ್ಲಿ ಹಾಗಲ್ಲ. ಹಗಲು ಕಾದ ಕಲ್ಲನ್ನು ರಾತ್ರಿಯ ಗಾಳಿ ಪೂರ್ತಿ ಆರಿಸುತ್ತದೆ. ಮಧ್ಯಾಹ್ನ ಪಡಸಾಲೆಯ ಫರಸಿ ಮೇಲೆ ಬರಿಮೈಯಲ್ಲಿ ಮಲಗುವುದು, ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸುವುದು ಈ ಒಂದೂವರೆ ತಿಂಗಳ ಸುಖ. ಸ್ವಾತಿ ಹೊತ್ತಿಗೆ ಇಬ್ಬನಿ ಬೀಳಲು ಶುರುವಾಗಿ ಚಾಪೆಯ ಜತೆಗೆ ಕೌದಿಯೂ ಮಾಳಿಗೆ ಹತ್ತುತ್ತದೆ.

ಕಲ್ಲಿನ ಗಣಿಗಳ ವರ್ಷ ರೈತರ ವರ್ಷಕ್ಕೆ ತಿರುಗುಮುರುಗು. ಮಳೆಗಾಲದಲ್ಲಿ ಗುಂಡಿಗಳಲ್ಲಿ ನೀರು ನಿಂತು ಕೆಲಸ ಕುಂಟುತ್ತದೆ. ಮಳೆ ನಿಂತ ಮೇಲೆ ನೀರು ಎತ್ತಿ ಹಾಕಿ ಮತ್ತೆ ಉಳಿ ಹಿಡಿಯುತ್ತಾರೆ. ಉಳಿದವರಿಗೆ ಬಿಡುವು ಶುರುವಾಗುವಾಗ ಕಲ್ಲು ಕುಟಿಕರಿಗೆ ದುಡಿಮೆ ಶುರು. ಆಯುಧಪೂಜೆಯಲ್ಲಿ ಉಳಿ, ಸುತ್ತಿಗೆ, ಹಾರೆಗಳಿಗೆ ಕುಂಕುಮ ಹಚ್ಚಿ ಒಂದು ದಿನ ನೆಲಕ್ಕಿಡುವುದೇ ಅವರ ರಜೆ.

ಕಾರ್ಖಾನೆಗಳು ಬಂದ ಮೇಲೆ ಹಬ್ಬಕ್ಕೆ ಸಂಬಳದ ಲೆಕ್ಕ ಸೇರಿತು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದರೊಳಗೆ ಸೇರಿತು. ವಾಡಿಯ ಎ.ಸಿ.ಸಿ. ಕಾರ್ಖಾನೆ ಶುರುವಾದದ್ದು 1968ರಲ್ಲಿ. 1980ರ ದಶಕದಲ್ಲಿ ಸೇಡಂ, ಮಳಖೇಡ, ಕುರಕುಂಟಾಗಳಲ್ಲೂ ಚಿಮಣಿಗಳೆದ್ದವು. 1965ರ ಬೋನಸ್ ಕಾಯ್ದೆ ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕೆನ್ನುತ್ತಿತ್ತು. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗೆ ನವೆಂಬರ್ ಕೊನೆಯ ಗಡುವು. ಹೀಗೆ ಕಾನೂನಿನ ಗಡುವು ದೀಪಾವಳಿಯನ್ನು ಹಾದುಹೋಯಿತು, ಹಬ್ಬಕ್ಕೆ ಮುಂಚೆ ಬೋನಸ್ ಕೇಳುವುದು ಕಾರ್ಮಿಕರ ರೂಢಿಯಾಯಿತು. ಬಟ್ಟೆ ಅಂಗಡಿ, ಮಿಠಾಯಿ ಅಂಗಡಿಗಳ ವರ್ಷದ ವ್ಯಾಪಾರ ಆ ಹಣದ ಮೇಲೆ ನಿಂತಿತು. ಕಾಲೋನಿಗಳಲ್ಲಿ ಕನ್ನಡದವರ ಬನ್ನಿ, ಮರಾಠಿಯವರ ಕೋಜಾಗಿರಿ, ತೆಲುಗರ ಬತುಕಮ್ಮ ಒಂದೇ ಮೈದಾನದಲ್ಲಿ ಜಾಗ ಹಂಚಿಕೊಂಡವು. ಕೋಜಾಗಿರಿಯೂ ಸೀಗಿ ಹುಣ್ಣಿಮೆಯೂ ಒಂದೇ ರಾತ್ರಿ. ಕೇಸರಿ ಹಾಕಿದ ಹಾಲಿನ ಪಾತ್ರೆಯನ್ನು ಬೆಳದಿಂಗಳಲ್ಲಿಟ್ಟು ಆಮೇಲೆ ಕುಡಿಯುತ್ತಾರೆ. ವಿಜಯದಶಮಿಗೆ 1956ರಿಂದ ಇನ್ನೊಂದು ಅರ್ಥವೂ ಸೇರಿತು. ಆ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು. ಧಮ್ಮಚಕ್ರ ಪ್ರವರ್ತನ ದಿನವೆಂದು ಅದನ್ನು ಆಚರಿಸುವವರಿಗೆ ಸನ್ನತಿ ತಮ್ಮದೇ ಹಳೆಯ ಊರು.

ಎಲ್ಲ ವರ್ಷದ ಶರತ್ಕಾಲವೂ ಬೆಚ್ಚಗಿರಲಿಲ್ಲ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. ನಿಜಾಮರ ಪರ ನಿಂತ ರಜಾಕಾರರ ಕಾಟ ತಾಳದೆ ಊರು ಬಿಟ್ಟವರಿಗೆ ಅದು ಬಿಡುಗಡೆ. ಆದರೆ ನಂತರದ ವಾರಗಳಲ್ಲಿ ಹಳ್ಳಿಗಳ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಆ ವರ್ಷದ ಕೊನೆಗೆ ಪ್ರವಾಸ ಮಾಡಿದ ಸುಂದರ್‌ಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಸೇರಿಸಿತು. ಆ ದಸರೆಯ ನೆನಪು ಎಲ್ಲ ಮನೆಗಳಲ್ಲಿ ಒಂದೇ ಬಗೆಯದಲ್ಲ. ಎಂಟು ವರ್ಷದ ಮೇಲೆ, 1956ರ ನವೆಂಬರ್ 1ರಂದು, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ದೀಪಾವಳಿಯ ನೆರೆಯಲ್ಲಿ ರಾಜ್ಯೋತ್ಸವ ಎಂಬ ಇನ್ನೊಂದು ರಜೆ ಬಂತು.

ಇಷ್ಟೆಲ್ಲ ಸೇರಿದರೂ ಹೊಲದ ಹಬ್ಬಗಳ ಜಾಗ ಕದಲಿಲ್ಲ. ಸೀಗಿ ಹುಣ್ಣಿಮೆಗೆ ತೆನೆಗಟ್ಟುವ ಪೈರನ್ನು ಬಸುರಿಯೆಂದು ಬಗೆದು ಬಯಕೆಯ ಅಡುಗೆ ಒಯ್ಯುತ್ತಾರೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆ, ಕಡಬು, ಮೊಸರು ಬುತ್ತಿ. ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಎಡೆಯ ಅನ್ನವನ್ನು ಪೈರಿನ ಮೇಲೆ ಎರಚುವುದು ಚರಗ ಚೆಲ್ಲುವುದು. ಭೂಮಿಗೆ, ಹಕ್ಕಿಗೆ, ಹುಳಕ್ಕೆ ಮೊದಲ ತುತ್ತು. ಆಮೇಲೆ ಮರದ ನೆರಳಲ್ಲಿ ಮನೆಮಂದಿಯ ಊಟ. ಸೇಡಂ, ಚಿಂಚೋಳಿಯ ತೆಲಂಗಾಣ ಗಡಿಯ ಕಡೆ ಬತುಕಮ್ಮನ ತಟ್ಟೆಯಲ್ಲಿ ಬೇಲಿಯ ಮೇಲಿನ ತಂಗಡಿ ಹೂ ಗೋಪುರವಾಗಿ ಏಳುತ್ತದೆ. ಯಾರೂ ನೀರು ಹಾಕಿ ಬೆಳೆಸದ ಗಿಡ ಅದು. ಚಿಂಚೋಳಿಯ ಲಂಬಾಣಿ ತಾಂಡಾಗಳಲ್ಲಿ ದೀಪಾವಳಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ‘ಮೇರಾ’ ಕೋರುತ್ತಾರೆ. ಮರುದಿನ ಹಾಡುತ್ತಾ ಅಡವಿಗೆ ಹೋಗಿ ಹೂ ತರುತ್ತಾರೆ.

ಸುಮ್ಮನೆ ನೋಡಲೆಂದು ಊರು ಬಿಡುವ ಪ್ರವಾಸ ಇಲ್ಲಿ ತೀರ ಈಚಿನದು. ಚಿಂಚೋಳಿಯ ಗುಡ್ಡಗಳು ಈ ಬಯಲು ಸೀಮೆಯ ಏಕೈಕ ದಟ್ಟ ಕಾಡು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಚಂದ್ರಂಪಳ್ಳಿ ಜಲಾಶಯ ತುಂಬಿ, ಎತ್ತಿಪೋತದ ಜಲಪಾತ ಧುಮುಕುತ್ತಿರುವುದು ಇದೇ ದಿನಗಳಲ್ಲಿ. ದಸರೆಯ ಶಾಲಾ ರಜೆಗೂ ಅದಕ್ಕೂ ಹೊಂದಿಕೆಯಾಗಿದೆ. ಹೋದವರು ದಾರಿಯಲ್ಲಿ ಸೀತಾಫಲದ ಬುಟ್ಟಿ ಕೊಳ್ಳದೆ ಹಿಂದಿರುಗುವುದು ಅಪರೂಪ. ಮಳೆ ಕೆಲವೊಮ್ಮೆ ಲೆಕ್ಕ ತಪ್ಪಿಸುತ್ತದೆ. 2020ರ ಅಕ್ಟೋಬರ್ ನಡುವೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣ ದಾಟಿ ಬಂದಾಗ ಕಾಗಿಣಾ, ಭೀಮಾ ಉಕ್ಕಿ, ಕೊಯ್ಲಿಗೆ ಬಂದ ಬೆಳೆಯೂ ಹೂವಿನ ತೊಗರಿಯೂ ನೀರಲ್ಲಿ ನಿಂತವು. ಬೆನ್ನಿಗೇ ಬಂದ ದಸರೆಯಲ್ಲಿ ಹಲವರಿಗೆ ಘಟಕ್ಕೆ ಮಣ್ಣು ತರುವ ಹೊಲವೇ ಕೊಚ್ಚಿಹೋಗಿತ್ತು.

ಕಾರ್ತೀಕ ಹುಣ್ಣಿಮೆ ಈ ಸಾಲಿನ ಕೊನೆಯದು. ಗೌರಿ ಹುಣ್ಣಿಮೆ ಎಂದು ಅದಕ್ಕೆ ಇಲ್ಲಿನ ಹೆಸರು. ಪೇಟೆಯಲ್ಲಿ ಮರದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ಆನೆ, ಒಂಟೆ, ರಥ, ಬಸವಣ್ಣನ ಆಕಾರದ ಸಕ್ಕರೆ ಗೊಂಬೆ ಮಾಡುತ್ತಾರೆ. ಸಣ್ಣ ಹುಡುಗಿಯರು ಸೀರೆ ಉಟ್ಟು, ತಟ್ಟೆಯಲ್ಲಿ ಗೊಂಬೆಗಳ ನಡುವೆ ದೀಪವಿಟ್ಟು ಗೌರಿಗೆ ಸಕ್ಕರೆ ಆರತಿ ಬೆಳಗಲು ಹೋಗುತ್ತಾರೆ. ಮರುದಿನ ಬೆಳಿಗ್ಗೆ ಒಂಟೆಯ ಕಾಲು ಯಾರಿಗೆ, ಆನೆಯ ಸೊಂಡಿಲು ಯಾರಿಗೆ ಎಂಬ ಜಗಳ. ಅಷ್ಟರಲ್ಲಿ ತೊಗರಿಯ ಹೂ ಉದುರಿ ಕಾಯಿ ಕಟ್ಟಿರುತ್ತದೆ, ಮಾಳಿಗೆಯ ಮೇಲಿನ ಹಾಸಿಗೆ ಒಳಮನೆಗೆ ಇಳಿದಿರುತ್ತದೆ. ಇನ್ನು ಹೊಲದಲ್ಲಿ ಮನೆಮಂದಿ ಕೂಡಿ ಉಣ್ಣುವುದು ಎಳ್ಳ ಅಮಾವಾಸ್ಯೆಗೆ, ಚಳಿಯಲ್ಲಿ.